ಸಂಗಾತಿಯ ಪಾಲು

ಕಂಪ್ಯೂಟರ್ ಆಟಗಳ ಮಾತು ಬಂದಾಗ ನಮ್ಮ ವಿದ್ಯಾವಂತ ಸಮಾಜ ಎರಡು ಪಂಗಡವಾಗಿ ನಿಲ್ಲುತ್ತದೆ. ಮೊದಲ ಪಂಗಡದವರು ಅವನ್ನು ಇಸ್ಪೀಟಿನ ಮಗ್ಗುಲಲ್ಲಿ ಕೂಡ್ರಿಸಿ, ಮಕ್ಕಳ ಕಣ್ಣೂ ಹಾಳಾಯಿತು, ಕಾಲವೂ ಹಾಳಾಯಿತು ಎಂದು ಮರುಗಿ, ಅಲ್ಲಿಗೆ ವಿಚಾರ ಮುಗಿಯಿತೆಂದು ಪತ್ರಿಕೆಯನ್ನು ಮಡಚಿಡುತ್ತಾರೆ. ಇವರೊಡನೆ ಜಗಳವಾಡುವುದರಲ್ಲಿ ಹುರುಳಿಲ್ಲ. ನಾಟಕ ಕಂಪನಿ ಬಂದಾಗ, ಕಾದಂಬರಿ ಬಂದಾಗ, ಸಿನಿಮಾ ಬಂದಾಗ ಇವರ ಹಿರಿಯರೂ ಇದೇ ಮಾತನ್ನು ಆಡಿದ್ದರು. ಬಳಿಕ ಟಿಕೀಟಿನ ಸಾಲಿನಲ್ಲಿ ನಿಂತವರೂ ಅವರೇ. ಎರಡನೆಯ ಪಂಗಡ ಹೊಸದು, ಇಂಗ್ಲಿಷ್ ಬಲ್ಲದ್ದು, ಹುರುಪಿನದ್ದು. ಇವರು ಹೇಳುವುದು ಇಷ್ಟು: ಪಾತ್ರ ತೊಟ್ಟು ಆಡುವ ಈ ಆಟಗಳೇ ಇಂದಿನ ಮಹಾಭಾರತ, ಪುಸ್ತಕದಲ್ಲಿ ಧರ್ಮಾಧರ್ಮಗಳನ್ನು ಬರಿದೆ ಓದುತ್ತೇವೆ, ಇಲ್ಲಿ ತರುಣನು ತಾನೇ ದಾರಿಯನ್ನು ಆರಿಸಿಕೊಂಡು ಅದರ ಫಲವನ್ನು ಉಣ್ಣುತ್ತಾನೆ, ಆದುದರಿಂದ ಇದು ನೀತಿಯ ಪಾಠಶಾಲೆ.

ನನ್ನ ತಕರಾರು ಇವರೊಡನೆ. ಏಕೆಂದರೆ ಇವರ ಮಾತು ಅರ್ಧ ನಿಜ. ಅರ್ಧ ನಿಜವನ್ನು ಬಯಲಿಗೆಳೆಯುವುದು ಪೂರ್ತಿ ಸುಳ್ಳನ್ನು ಬಯಲಿಗೆಳೆಯುವುದಕ್ಕಿಂತ ಕಷ್ಟದ ಕೆಲಸ.

ಯಾವ ಆಟಗಳ ಮಾತು ಇದೆಂಬುದನ್ನು ಮೊದಲು ಹೇಳಿಬಿಡುವುದು ಒಳಿತು. ಗುಂಡು ಹಾರಿಸುವ ಆಟಗಳಲ್ಲ, ಚೆಂಡೊದೆಯುವ ಆಟಗಳೂ ಅಲ್ಲ. ಇಲ್ಲಿ ಆಟಗಾರನು ಒಂದು ಕಲ್ಪಿತ ರಾಜ್ಯದೊಳಗೆ ಕತ್ತಿ ಹಿಡಿದವನೋ ಮಂತ್ರವಾದಿಯೋ ಕಳ್ಳನೋ ಆಗಿ ಹೊಗುತ್ತಾನೆ. ದಾರಿಯಲ್ಲಿ ನಾಲ್ಕಾರು ಸಂಗಾತಿಗಳನ್ನು ಕೂಡಿಕೊಳ್ಳುತ್ತಾನೆ. ವಾರಗಟ್ಟಲೆ ನಡೆಯುವ ಒಂದು ದೊಡ್ಡ ಕತೆಯನ್ನು ತನ್ನ ಆಯ್ಕೆಗಳಿಂದ ಮುಂದೆ ಸಾಗಿಸುತ್ತಾನೆ. ಶರಣಾದ ಶತ್ರುವನ್ನು ಬಿಡಬೇಕೆ ಕೊಲ್ಲಬೇಕೆ? ಹಸಿದ ಮುದುಕಿಗೆ ಕಾಸು ಕೊಡಬೇಕೆ, ಗದರಿಸಬೇಕೆ? ಪ್ರಶ್ನೆಯ ಕೆಳಗೆ ಮೂರು ನಾಲ್ಕು ಉತ್ತರಗಳು ಮೂಡುತ್ತವೆ, ಒಂದನ್ನು ಒತ್ತಬೇಕು. ಹದಿನೆಂಟರ ಹುಡುಗನಿಗೆ ಮನೆಯಲ್ಲಿ ಯಾರೂ ಕೇಳದ ಇಂಥ ಪ್ರಶ್ನೆಗಳನ್ನು ಒಂದು ಯಂತ್ರ ಕೇಳುತ್ತದೆ. ಅವನು ಅದಕ್ಕೆ ಮನಸೋತರೆ ಸೋಜಿಗವೇನಿದೆ?

ಇದರ ಹುಟ್ಟು ಯಂತ್ರದಲ್ಲಲ್ಲ, ಮೇಜಿನ ಮೇಲೆ. 1974ರಲ್ಲಿ ಅಮೇರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಕಾಗದ, ಪೆನ್ಸಿಲು, ದಾಳಗಳ ಆಟ. ಅದರಲ್ಲಿ ಪ್ರತಿಯೊಂದು ಪಾತ್ರಕ್ಕೂ ‘ಅಲೈನ್‌ಮೆಂಟ್’ ಎಂಬ ಒಂದು ಹಣೆಪಟ್ಟಿ. ಮೊದಲು ಮೂರೇ ಪಕ್ಷಗಳಿದ್ದವು: ಕಟ್ಟಳೆಯದು, ಕಟ್ಟಳೆ ಮುರಿಯುವುದು, ನಡುವಿನದು. 1978ರ ಹೊತ್ತಿಗೆ ಇದರ ಮೇಲೆ ಒಳಿತು ಕೆಡುಕುಗಳ ಅಡ್ಡಗೆರೆಗಳನ್ನೆಳೆದು ಒಂಬತ್ತು ಮನೆಗಳನ್ನು ಮಾಡಿದರು. ಕಟ್ಟಳೆಯೊಳಗಿನ ಸಜ್ಜನ, ಕಟ್ಟಳೆ ಮೀರಿದ ಸಜ್ಜನ, ಕಟ್ಟಳೆಯೊಳಗೇ ಇರುವ ದುಷ್ಟ — ಹೀಗೆ. ನಮ್ಮ ಜಾತಕಕ್ಕೆ ಹನ್ನೆರಡು ಮನೆ ಬೇಕು. ಶೀಲದ ಕುಂಡಲಿಗೆ ಒಂಬತ್ತೇ ಸಾಕಾಯಿತು!

ಮೇಜಿನ ಆಟದಲ್ಲಿ ಇದರಿಂದ ಅಂಥ ಕೇಡೇನೂ ಆಗಲಿಲ್ಲವೆನ್ನಬೇಕು. ಅಲ್ಲಿ ಯಕ್ಷಗಾನದ ಭಾಗವತನಂತೆ ಆಟವನ್ನು ನಡೆಸುವ ಒಬ್ಬ ಮನುಷ್ಯನಿದ್ದ. ನೀನು ಮಾಡಿದ್ದು ನಿನ್ನ ಪಾತ್ರಕ್ಕೆ ತಕ್ಕುದಲ್ಲವೆಂದು ಅವನೆಂದರೆ, ಹೇಗೆ ತಕ್ಕುದಲ್ಲವೆಂದು ಅವನೊಡನೆ ವಾದಿಸಬಹುದಿತ್ತು. ಆಟ ಕಂಪ್ಯೂಟರಿನೊಳಗೆ ಹೊಕ್ಕ ಮೇಲೆ ವಾದಿಸುವವ ಹೋದ, ಎಣಿಸುವವ ಬಂದ. ಶೀಲವು ಖಾತೆ-ಕಿರ್ದಿಯಾಯಿತು. ಮುದುಕಿಗೆ ಕಾಸು ಕೊಟ್ಟರೆ ಜಮೆ, ಗದರಿಸಿದರೆ ಖರ್ಚು. 2003ರ ‘ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್’ ಆಟದಲ್ಲಿ ಬೆಳಕಿನ ಕಡೆಗೂ ಕತ್ತಲೆಯ ಕಡೆಗೂ ಏರಿಳಿಯುವ ಒಂದು ಪಟ್ಟಿಯನ್ನೇ ತೆರೆಯ ಮೇಲೆ ಬರೆದಿದ್ದಾರೆ. 2004ರ ‘ಫೇಬಲ್’ ಆಟದಲ್ಲಿ ಪಾಪ ಹೆಚ್ಚಿದಂತೆ ನಾಯಕನ ತಲೆಯ ಮೇಲೆ ಕೊಂಬು ಮೊಳೆಯುತ್ತದೆ. 2010ರ ‘ಮಾಸ್ ಎಫೆಕ್ಟ್ 2’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಾಧುವಾದರೆ ಸಾಧು, ಒರಟನಾದರೆ ಒರಟ, ಯಾವುದಾದರೊಂದು ಖಾತೆಯನ್ನೇ ತುಂಬುತ್ತ ಹೋದವನಿಗೆ ಮಾತ್ರ ಕೆಲವು ಮಾತುಗಳನ್ನಾಡಲು ಅಪ್ಪಣೆ ಕೊಡುತ್ತದೆ. ಇಂದು ಮೃದುವಾಗಿ ನಾಳೆ ಕಠಿಣನಾಗುವ, ಎಂದರೆ ನಮ್ಮ ನಿಮ್ಮಂತಹ, ಮನುಷ್ಯನಿಗೆ ಅಲ್ಲಿ ನಷ್ಟವೇ ಸೈ.

ಚಿತ್ರಗುಪ್ತನೂ ಲೆಕ್ಕ ಬರೆಯುತ್ತಾನೆ, ನಿಜ. ಆದರೆ ಅವನಿಗೊಂದು ಮರ್ಯಾದೆಯಿದೆ: ಬದುಕಿರುವವನಿಗೆ ಕಡತವನ್ನು ತೋರಿಸುವುದಿಲ್ಲ. ತೋರಿಸಿದ್ದಾದರೆ ಪುಣ್ಯ ಮಾಡುವವನು ಲೋಕದಲ್ಲಿ ಒಬ್ಬನೂ ಉಳಿಯುತ್ತಿರಲಿಲ್ಲ. ಎಲ್ಲರೂ ಪುಣ್ಯದ ವ್ಯಾಪಾರಿಗಳೇ ಆಗುತ್ತಿದ್ದರು. ಈ ಆಟಗಳಲ್ಲಿ ಆಗಿರುವುದು ಅದೇ. 1998ರ ‘ಬಾಲ್ಡರ್ಸ್ ಗೇಟ್’ ಬಹಳ ದೊಡ್ಡ ಹೆಸರಿನ ಆಟ, ಅದರ ಗುಣವನ್ನು ಮುಂದೆ ಹೇಳುತ್ತೇನೆ. ಅಲ್ಲಿ ನಿಮ್ಮ ಕೀರ್ತಿ ಇಳಿದಿದ್ದರೆ ಗುಡಿಗೆ ಹೋಗಿ ಹೊನ್ನು ಸುರಿಯಿರಿ, ಕೀರ್ತಿ ಏರುತ್ತದೆ. ಕೀರ್ತಿ ಏರಿದರೆ ಅಂಗಡಿಕಾರ ಸಾಮಾನಿನ ಬೆಲೆಯಲ್ಲಿ ಸೋಡಿ ಬಿಡುತ್ತಾನೆ. ಇಂಥ ಧರ್ಮವನ್ನು ನಾವು ಕಂಡಿಲ್ಲವೆಂದೇನೂ ಅಲ್ಲ, ಪೇಟೆಯಲ್ಲಿ ದಿನಾಲು ಕಾಣುತ್ತೇವೆ. ಇದನ್ನು ಮಹಾಭಾರತವೆಂದು ಕರೆಯಬೇಡಿರೆಂದಷ್ಟೇ ನನ್ನ ಬಿನ್ನಹ.

1930ರಿಂದ ಅಂಕೋಲೆಯ ರೈತರು ಸರಕಾರಕ್ಕೆ ಕಂದಾಯ ಕೊಡಲೊಲ್ಲೆವೆಂದು ಕುಳಿತರು. ಗದ್ದೆ ಹೋಯಿತು, ದನಕರು ಜಪ್ತಿಯಾಯಿತು, ಗಂಡಸರು ಸೆರೆಮನೆ ಸೇರಿದರು. ಅವರ ಕಣ್ಣ ಮುಂದೆ ಯಾವ ಪಟ್ಟಿಯೂ ಏರಲಿಲ್ಲ. ಮಾಡಿದ್ದು ಸರಿಯೋ ತಪ್ಪೋ, ಮಕ್ಕಳ ಬಾಯಿಗೆ ಮಣ್ಣು ಹಾಕಿದೆನೋ ಎಂಬ ಸಂಶಯದಲ್ಲಿಯೇ ಅವರು ವರುಷಗಳನ್ನು ಕಳೆದರು. 2024ರ ಆಗಸ್ಟಿನಲ್ಲಿ ಕಾರವಾರಕ್ಕೂ ಸದಾಶಿವಗಡಕ್ಕೂ ನಡುವಣ ಕಾಳಿ ನದಿಯ ಹಳೆಯ ಸೇತುವೆ ನಡುರಾತ್ರಿಯಲ್ಲಿ ಕುಸಿದು ಲಾರಿಯೊಂದು ನೀರಿಗೆ ಬಿದ್ದಾಗ, ಮೀನುಗಾರರೂ ಪೊಲೀಸರೂ ಸೇರಿ ಚಾಲಕನನ್ನು ದಡಕ್ಕೆ ತಂದರು. ಕತ್ತಲಲ್ಲಿ ಬೊಬ್ಬೆ ಕೇಳಿದವನಿಗೆ ಕೆಳಗೆ ಮೂರು ಉತ್ತರಗಳು ಮೂಡಿ ನಿಲ್ಲುವುದಿಲ್ಲ.

ಲೆಕ್ಕವಿಟ್ಟೂ ಮಾನ ಉಳಿಸಿಕೊಂಡ ಆಟಗಳು ಇಲ್ಲವೇ ಇಲ್ಲವೆಂದರೆ ಅನ್ಯಾಯವಾದೀತು. ರಿಚರ್ಡ್ ಗ್ಯಾರಿಯಟ್ ಎಂಬವನು 1985ರಲ್ಲಿ ಮಾಡಿದ ‘ಅಲ್ಟಿಮಾ’ದ ನಾಲ್ಕನೆಯ ಭಾಗದಲ್ಲಿ ಕೊಲ್ಲಬೇಕಾದ ಮಹಾರಾಕ್ಷಸನೇ ಇಲ್ಲ, ಎಂಟು ಸದ್ಗುಣಗಳನ್ನು ಸಾಧಿಸಿ ‘ಅವತಾರ’ನಾಗುವುದೇ ಆಟದ ಗುರಿ. ಶಬ್ದ ನಮ್ಮ ಮನೆಯದೇ! ಅಲ್ಲಿ ಮೂಲಿಕೆ ಮಾರುವವಳು ಕುರುಡಿ. ಹಣವನ್ನು ನೀವೇ ಎಣಿಸಿ ಇಡಬೇಕು. ಕಡಿಮೆ ಇಟ್ಟರೆ ಅವಳು ಏನೂ ಅನ್ನಳು, ಸುಮ್ಮನೆ ತೆಗೆದುಕೊಳ್ಳುತ್ತಾಳೆ. ಅಂಕಗಳು ಒಳಗೊಳಗೇ ಇಳಿಯುತ್ತವೆ, ಎಷ್ಟು ಎಂದು ಕಾಣುವುದಿಲ್ಲ. ನಲವತ್ತು ವರುಷಗಳ ಹಿಂದೆ, ಚಿತ್ರವೇ ಸರಿಯಾಗಿ ಮೂಡದ ಯಂತ್ರದಲ್ಲಿ ಒಬ್ಬನಿಗೆ ಹೊಳೆದ ಈ ಸೂಕ್ಷ್ಮ, ಎಲೆ ಎಲೆಯನ್ನೂ ಹೊಳೆಯಿಸಬಲ್ಲ ಇಂದಿನ ಎಷ್ಟೋ ಜನಕ್ಕೆ ಹೊಳೆದಿಲ್ಲ.

‘ನಿಮ್ಮ ಯಕ್ಷಗಾನದಲ್ಲಿ ಇರುವುದೂ ಇದೇ ಅಲ್ಲವೆ?’ ಎಂದು ಕೇಳುವವರುಂಟು. ಕೇಳತಕ್ಕ ಪ್ರಶ್ನೆಯೇ. ಬಣ್ಣದ ವೇಷ ಬಂತೆಂದರೆ ರಾಕ್ಷಸ, ಕಿರೀಟ ಇಂಥದಾದರೆ ರಾಜ, ಮುಂಡಾಸು ಇಂಥದಾದರೆ ವೀರ. ಮಗುವಿಗೂ ಗುರುತು ಸಿಗುತ್ತದೆ. ಮುಖದ ಮೇಲೆಯೇ ಪಕ್ಷವನ್ನು ಬರೆದುಕೊಂಡು ಬರುವ ಕಲೆ ನಮ್ಮದು. ಆದರೆ ಬಣ್ಣವು ಪಾತ್ರದ ಬಾಗಿಲು, ಮನೆಯಲ್ಲ. ಬಾಗಿಲು ತೆರೆದ ಮೇಲೆ ಅರ್ಥಗಾರಿಕೆ ಆರಂಭವಾಗುತ್ತದೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನೂ ಕೀಚಕನನ್ನೂ ನೋಡಲು ಜನ ಊರಿಂದೂರಿಗೆ ಹೋಗುತ್ತಿದ್ದುದು ಪಾಪಕ್ಕೆ ಕೊಂಬು ಮೂಡುವುದನ್ನು ಕಾಣಲಿಕ್ಕಲ್ಲ. ಕೆಡುವ ಮನುಷ್ಯನೊಬ್ಬ ತನ್ನ ಕೇಡಿನೊಳಗೆ ಎಷ್ಟು ಸುಖಪಡುತ್ತಾನೆ, ಎಷ್ಟು ಚೆಲುವಾಗಿ ಕೆಡುತ್ತಾನೆ ಎಂಬುದನ್ನು ಕಂಡು ಬೆಚ್ಚುವುದಕ್ಕೆ. ಇನ್ನು ತಾಳಮದ್ದಳೆಯಲ್ಲಿ ಬಣ್ಣವೂ ಇಲ್ಲ. ಪಂಚೆ ಉಟ್ಟು ಶಾಲು ಹೊದ್ದು ಕುಳಿತ ಅರ್ಥಧಾರಿ ಇಂದು ರಾಮ, ನಾಳೆ ವಾಲಿ. ವಾಲಿಯಾದ ರಾತ್ರಿ ರಾಮನನ್ನು ನಿರುತ್ತರನನ್ನಾಗಿ ಮಾಡಲಾರದವನನ್ನು ಅರ್ಥಧಾರಿಯೆಂದು ಯಾರೂ ಕರೆಯುವುದಿಲ್ಲ.

ಆ ಒಂಬತ್ತು ಮನೆಗಳಲ್ಲಿ ಕರ್ಣನನ್ನು ಎಲ್ಲಿ ಕೂಡ್ರಿಸುತ್ತೀರಿ? ಕೃಷ್ಣನು ಏಕಾಂತದಲ್ಲಿ ಕರೆದು ಹುಟ್ಟಿನ ಗುಟ್ಟು ಹೇಳುತ್ತಾನೆ. ರಾಜ್ಯ ನಿನ್ನದು, ತಮ್ಮಂದಿರು ನಿನ್ನವರು, ಧರ್ಮದ ಪಕ್ಷವೂ ನಿನ್ನದೇ ಆಗಬಹುದು ಎನ್ನುತ್ತಾನೆ. ಕರ್ಣ ಒಲ್ಲೆನೆನ್ನುತ್ತಾನೆ. ತಾನು ನಿಂತ ಪಕ್ಷ ಸೋಲುತ್ತದೆಂದೂ ಬಲ್ಲ, ಅದು ಅನ್ಯಾಯದ ಪಕ್ಷವೆಂದೂ ಬಲ್ಲ. ಆದರೂ ಉಂಡ ಮನೆಯನ್ನು ಬಿಡಲಾರ. ಕಟ್ಟಳೆಯವನೆ? ದುಷ್ಟನೆ? ನಡುವಿನವನೆ? ವಿಭೀಷಣ ಅಣ್ಣನನ್ನು ಬಿಟ್ಟು ಹೋದ, ಸರಿ. ಕುಂಭಕರ್ಣ ಅಣ್ಣನಿಗೆ ಛೀಮಾರಿ ಹಾಕಿ, ಬಳಿಕ ಅವನಿಗಾಗಿಯೇ ರಣಕ್ಕೆ ನಡೆದ. ಅವನೂ ಸರಿಯಲ್ಲವೆಂದು ಎದೆ ಮುಟ್ಟಿಕೊಂಡು ಹೇಳಬಲ್ಲಿರಾ? ಪಂಪನಿಂದ ಹಿಡಿದು ಕುಮಾರವ್ಯಾಸನವರೆಗೆ ನಮ್ಮ ಕವಿಗಳು ಹೆಚ್ಚು ಮನಸ್ಸಿಟ್ಟು ಬರೆದುದು ಇಂಥವರ ಮೇಲೆ, ಮನೆ ಸಿಗದವರ ಮೇಲೆ. ರನ್ನನಂತೂ ದುರ್ಯೋಧನನಿಗಾಗಿಯೂ ನಮ್ಮ ಕಣ್ಣಲ್ಲಿ ನೀರು ತರಿಸಿದ.

ಈ ಮೂವರ ಕತೆಯೂ ಒಂದೇ ಪ್ರಶ್ನೆಯನ್ನು ಕೇಳುತ್ತದೆಂಬುದನ್ನು ಗಮನಿಸಬೇಕು. ಒಳಿತು ಕೆಡುಕುಗಳಲ್ಲಿ ಯಾವುದನ್ನು ಹಿಡಿಯುವೆಯೆಂದಲ್ಲ. ನಿನ್ನ ಸಂಗಾತಿ ತಪ್ಪು ದಾರಿ ಹಿಡಿದಾಗ ನೀನೇನು ಮಾಡುವೆ ಎಂದು. ಆಟಗಳ ನಿಜವಾದ ಬಲವೂ, ನನ್ನ ಮಟ್ಟಿಗೆ, ಇಲ್ಲಿಯೇ ಇದೆ. ಅವುಗಳ ನಿಜವಾದ ಲಜ್ಜೆಗೇಡಿತನವೂ ಇಲ್ಲಿಯೇ.

ಬಲವನ್ನು ಮೊದಲು ಹೇಳುವೆ. ‘ಬಾಲ್ಡರ್ಸ್ ಗೇಟ್’ನಲ್ಲಿ ನಿಮ್ಮೊಡನೆ ನಡೆಯುವವರಿಗೆ ಅವರದೇ ಆದ ಸ್ವಭಾವವಿದೆ. ನೀವು ದುಷ್ಟರಾಗುತ್ತ ಹೋದರೆ ಸಜ್ಜನ ಸಂಗಾತಿ ಗೊಣಗುತ್ತಾನೆ, ಕಡೆಗೊಂದು ದಿನ ಬಿಟ್ಟು ನಡೆಯುತ್ತಾನೆ. ನೀವು ತೀರ ಸಜ್ಜನರಾದರೆ ದುಷ್ಟನೂ ಹಾಗೆಯೇ ನಡೆಯುತ್ತಾನೆ. ವಿಭೀಷಣನ ನಿರ್ಗಮನವನ್ನು ಯಂತ್ರಕ್ಕೆ ಕಲಿಸಿದವರಿಗೆ ಒಂದು ನಮಸ್ಕಾರ ಸಲ್ಲಬೇಕು. ಇಷ್ಟರಲ್ಲಿಯೇ ನಿಂತಿದ್ದರೆ ಚೆನ್ನಾಗಿತ್ತು. ಬಿಟ್ಟು ಹೋಗುವ ಸಂಗಾತಿ ಆಟಗಾರನಿಗೆ ತೊಂದರೆಯಲ್ಲವೆ? ಅವನನ್ನು ಹಿಡಿದಿಡಲು ಉಪಾಯ ಬೇಕಾಯಿತು. 2009ರ ‘ಡ್ರ್ಯಾಗನ್ ಏಜ್: ಒರಿಜಿನ್ಸ್’ನಲ್ಲಿ ಪ್ರತಿಯೊಬ್ಬ ಸಂಗಾತಿಯ ಮೆಚ್ಚಿಕೆಗೂ ಒಂದು ಅಂಕ, ನಿಮ್ಮ ನಡತೆಯಿಂದ ಅದು ಇಳಿದರೆ ಚಿಂತೆಯಿಲ್ಲ, ಉಡುಗೊರೆ ಕೊಡಿ. ಹಳ್ಳಿಯನ್ನು ಹಾಳು ಮಾಡಿ ಬಂದು ಒಂದು ಒಡವೆ ಕೈಗಿತ್ತರೆ ಮುನಿಸು ಇಳಿಯುತ್ತದೆ. ಕಚೇರಿಯಲ್ಲಿ ಇದಕ್ಕೆ ನಾವು ಬೇರೆ ಹೆಸರಿಟ್ಟಿದ್ದೇವೆ.

ಇದಕ್ಕಿಂತಲೂ ನನ್ನನ್ನು ಕಾಡುವ ಸಂಗತಿ ಇನ್ನೊಂದು. ಈ ಆಟಗಳಲ್ಲಿ ಗೆದ್ದ ಹೊನ್ನೆಲ್ಲ ಎಲ್ಲಿ ಹೋಗುತ್ತದೆ? ಆರು ಮಂದಿ ಸೇರಿ ಗುಹೆ ಹೊಕ್ಕು, ಆರು ಮಂದಿಯೂ ಗಾಯಗೊಂಡು, ರಾಕ್ಷಸನನ್ನು ಕೊಂದರೆ, ಬಂದ ನಿಧಿಯೆಲ್ಲ ಒಂದೇ ಚೀಲಕ್ಕೆ ಬೀಳುತ್ತದೆ. ಆ ಚೀಲದ ಬಾಯಿ ಆಟಗಾರನ ಕೈಯಲ್ಲಿ. ಸಂಗಾತಿ ಏನು ತೊಡಬೇಕು, ಯಾವ ಕತ್ತಿ ಹಿಡಿಯಬೇಕು, ಯಾವಾಗ ಮಲಗಬೇಕು, ಎಲ್ಲವೂ ಅವನ ಅಪ್ಪಣೆ. ‘ನನ್ನ ಪಾಲು ಎಲ್ಲಿ?’ ಎಂದು ಎಷ್ಟು ಸಂಗಾತಿಗಳು ಕೇಳುತ್ತಾರೆ? ಸ್ನೇಹದ ಮಾತುಗಳನ್ನಾಡುವ ಹಮಾಲರು ಇವರು.

ದೇವಬಾಗದ ಮರಳಿನ ಮೇಲೆ ಈ ಪ್ರಶ್ನೆಯನ್ನು ಕೇಳಿದರೆ ಜನ ನಕ್ಕುಬಿಟ್ಟಾರು. ಕಾಳಿ ನದಿ ಕಡಲನ್ನು ಸೇರುವಲ್ಲಿ, ಒಂದು ಕಡೆಗೆ ಹೊಳೆ ಒಂದು ಕಡೆಗೆ ಸಮುದ್ರ, ನಡುವೆ ಗಾಳಿಮರಗಳ ಸಾಲು, ಅದು ದೇವಬಾಗ. ಈ ಕರಾವಳಿಯ ಹಳೆಯ ಮೀನುಗಾರಿಕೆಯೆಂದರೆ ರಂಪಣಿ ಬಲೆ. ದೋಣಿಯಲ್ಲಿ ಹೋಗಿ ಕಡಲನ್ನು ಅರ್ಧಚಂದ್ರಾಕಾರವಾಗಿ ಬಳಸಿ ಬಲೆ ಬಿಡುತ್ತಾರೆ. ಅದರ ಎರಡು ತುದಿಗಳೂ ದಂಡೆಯಲ್ಲಿರುತ್ತವೆ. ಬಳಿಕ ಎರಡು ಕಡೆಗೂ ಹತ್ತಾರು ಜನ ಸಾಲುಗಟ್ಟಿ ನಿಂತು ಎಳೆಯಬೇಕು. ಅದು ಒಬ್ಬ ವೀರನ ಕೆಲಸವಲ್ಲ. ಮೀನು ಮರಳಿಗೆ ಬಿದ್ದ ಮೇಲೆ ಬಲೆಗೆ ಪಾಲು, ದೋಣಿಗೆ ಪಾಲು, ಎಳೆದವರಿಗೆ ಪಾಲು. ಪಾಲಿನ ವಿಷಯದಲ್ಲಿ ಜಗಳಗಳು ಆಗಿಲ್ಲವೆಂದಲ್ಲ, ಬೇಕಾದಷ್ಟು ಆಗಿವೆ. ಜಗಳವಾಡಲು ಎಳೆದವನಿಗೆ ಹಕ್ಕಿತ್ತು ಎಂಬುದೇ ಮಾತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದು ಬಂಗಡೆಯನ್ನು ಆಳದಲ್ಲಿಯೇ ಬಾಚಿಕೊಂಡ ಮೇಲೆ ರಂಪಣಿ ಬಡವಾಯಿತು. ದಂಡೆಯ ಮೇಲೆ ಹಗ್ಗ ಹಿಡಿದವರ ಸಾಲು ತೆಳುವಾಯಿತು. ಆ ಸಾಲಿನಲ್ಲಿ ನಿಂತವನಿಗೆ ಸಂಗಾತಿ ಎಂದರೆ ಏನೆಂದು ಯಾರೂ ಕಲಿಸಬೇಕಾಗಿರಲಿಲ್ಲ: ಪಕ್ಕದವನು ಕೈಬಿಟ್ಟರೆ ಹಗ್ಗದ ಭಾರ ಅವನ ಅಂಗೈಗೇ ಬರುತ್ತಿತ್ತು. ಅವನ ಮೊಮ್ಮಗನು ಇಂದು ಕೋಣೆಯೊಳಗೆ ಕುಳಿತು ಆರು ಸಂಗಾತಿಗಳ ಒಡೆಯನಾಗಿದ್ದರೆ, ಅವನು ಕಳೆದುಕೊಂಡುದು ಕಣ್ಣಿನ ಬೆಳಕನ್ನಲ್ಲ, ನೀತಿಯನ್ನೂ ಅಲ್ಲ. ಪಾಲಿಗಾಗಿ ತನ್ನೊಡನೆ ಜಗಳವಾಡಬಲ್ಲ ಒಬ್ಬ ಸರೀಕನನ್ನು.

ಇದೇ ನದಿಯ ಬಾಯಲ್ಲಿ, 1880ರ ದಶಕದ ಆರಂಭದಲ್ಲಿ, ಇಪ್ಪತ್ತೆರಡರ ಒಬ್ಬ ತರುಣ ಬೆಳದಿಂಗಳ ರಾತ್ರಿ ದೋಣಿಯಲ್ಲಿ ಹೋಗಿ ಬಂದ. ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ರವೀಂದ್ರನಾಥ ಠಾಕೂರರು ಇಲ್ಲಿರುವಾಗಲೇ ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವನ್ನು ಬರೆದರು. 1884ರಲ್ಲಿ ಅದು ಅಚ್ಚಾಯಿತು. ಊರಿನ ಕಡಲತೀರಕ್ಕೆ ಅವರ ಹೆಸರಿಟ್ಟಿದ್ದೇವೆ, ನಾಟಕವನ್ನು ಓದಿದವರು ಎಷ್ಟು ಮಂದಿಯೋ. ಅದರ ನಾಯಕ ಒಬ್ಬ ಸನ್ಯಾಸಿ. ಆಟದ ಭಾಷೆಯಲ್ಲಿ ಹೇಳುವುದಾದರೆ, ಅವನ ಪಟ್ಟಿ ತುದಿ ಮುಟ್ಟಿದೆ: ಆಸೆ ಇಲ್ಲ, ಸಿಟ್ಟಿಲ್ಲ, ಮಮತೆ ಇಲ್ಲ, ಗುಹೆಯಿಂದ ಗೆದ್ದು ಹೊರಗೆ ಬಂದಿದ್ದಾನೆ. ಊರವರೆಲ್ಲ ಮುಟ್ಟಬಾರದವಳೆಂದು ಓಡಿಸಿದ ಒಂದು ಅನಾಥ ಹುಡುಗಿ ಅವನ ಬೆನ್ನು ಹತ್ತುತ್ತಾಳೆ. ಅವಳು ಅವನಿಗೆ ಏನನ್ನೂ ಕೊಡಳು, ಅವನಿಂದ ಯಾವ ಉಡುಗೊರೆಯನ್ನೂ ಬಯಸಳು. ಹತ್ತಿರ ಕುಳಿತುಕೊಳ್ಳುತ್ತಾಳೆ, ಅಷ್ಟೆ. ತನ್ನ ಸಾಧನೆ ಕರಗುತ್ತಿದೆಯೆಂದು ಹೆದರಿ ಅವನು ಅವಳನ್ನು ಬಿಟ್ಟು ಓಡುತ್ತಾನೆ. ಕಡೆಗೆ ದಂಡವನ್ನೂ ಭಿಕ್ಷಾಪಾತ್ರೆಯನ್ನೂ ಬಿಸುಟು ಅವಳನ್ನು ಹುಡುಕುತ್ತ ಬಂದಾಗ ಹುಡುಗಿ ಸತ್ತಿದ್ದಾಳೆ. ಪಟ್ಟಿಯನ್ನು ಕಾಯ್ದುಕೊಂಡವನು ಸಂಗಾತಿಯನ್ನು ಕಳೆದುಕೊಂಡ. ನೂರ ನಲವತ್ತು ವರುಷಗಳ ಹಿಂದೆ ನಮ್ಮ ಕಡಲ ದಂಡೆಯಲ್ಲಿ ಬರೆದ ಈ ನಾಟಕದಲ್ಲಿ, ಇಂದಿನ ಆಟ ಮಾಡುವವರು ತಲೆ ಕೆಡಿಸಿಕೊಳ್ಳಬೇಕಾದ ಪ್ರಶ್ನೆ ಇಡಿಯಾಗಿ ಇದೆ.

ಕೆಲವರು ತಲೆ ಕೆಡಿಸಿಕೊಂಡೂ ಇದ್ದಾರೆ. 1999ರ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ನ ನಾಯಕ ಸಾವಿಲ್ಲದವನು, ನೆನಪಿಲ್ಲದವನು, ಹಿಂದಿನ ಬಾಳುಗಳಲ್ಲಿ ತಾನೇ ಯಾರನ್ನು ಹಾಳು ಮಾಡಿದನೋ ಅವರೇ ಅವನ ಸಂಗಾತಿಗಳು. ಹಿಂದೊಮ್ಮೆ ಕೊಟ್ಟ ಮಾತಿಗೆ ಸಿಕ್ಕು ದಾಸನಾಗಿ ನಡೆಯುವ ಡಕ್ಕನ್ ಎಂಬವನು ಅವರಲ್ಲೊಬ್ಬ. ಆಟ ಮುಂದುವರಿದಂತೆ, ಈ ಮನುಷ್ಯ ನನ್ನೊಡನೆ ಏಕಿದ್ದಾನೆ ಎಂಬ ಪ್ರಶ್ನೆ ಆಟಗಾರನ ಮೋರೆಗೆ ಬಂದು ಹೊಡೆಯುತ್ತದೆ. ಎಸ್ತೋನಿಯಾದ ರಾಬರ್ಟ್ ಕುರ್ವಿತ್ಸ್ ಮುಂದಾಳಾಗಿ ಬರೆದ 2019ರ ‘ಡಿಸ್ಕೊ ಎಲಿಸಿಯಂ’ನಲ್ಲಿ ಒಂದೇ ಒಬ್ಬ ಸಂಗಾತಿ, ಕಿಮ್ ಎಂಬ ಪೋಲಿಸ್ ಅಧಿಕಾರಿ. ಅವನು ನಾಯಕನ ಆಳಲ್ಲ, ಜೊತೆಗಾರ. ನಾಯಕ ಕುಡಿದು ಮರ್ಯಾದೆಗೆಟ್ಟು ಮಾತಾಡಿದಾಗ ಅವನು ಉಪದೇಶ ಮಾಡುವುದಿಲ್ಲ. ಒಂದು ಕ್ಷಣ ಸುಮ್ಮನಿರುತ್ತಾನೆ. ಆ ಒಂದು ಮೌನಕ್ಕಾಗಿ ನಾಚಿ ಮುಂದಿನ ಮಾತನ್ನು ತಿದ್ದಿಕೊಂಡ ತರುಣರನ್ನು ನಾನು ಬಲ್ಲೆ. ಫೇಬಲಿನ ಕೊಂಬಿಗೆ ಯಾರೂ ನಾಚಿದ್ದನ್ನು ಕೇಳಿಲ್ಲ.

2023ರಲ್ಲಿ ಬಂದ ‘ಬಾಲ್ಡರ್ಸ್ ಗೇಟ್ 3’ ಒಂಬತ್ತು ಮನೆಯ ಹಣೆಪಟ್ಟಿಯನ್ನು ಕಿತ್ತೊಗೆದಿದೆ. ಒಳ್ಳೆಯದಾಯಿತು. ಆದರೆ ನೀವು ಏನಾದರೂ ಮಾಡಿದೊಡನೆ ಇಂಥ ಸಂಗಾತಿ ಮೆಚ್ಚಿದಳು, ಇಂಥವನು ಮೆಚ್ಚಲಿಲ್ಲ ಎಂದು ತೆರೆಯ ಮೇಲೆ ಬರಹ ಮೂಡುವುದು ಮಾತ್ರ ತಪ್ಪಿಲ್ಲ. ಚಿತ್ರಗುಪ್ತ ಕುರ್ಚಿ ಬದಲಿಸಿದ್ದಾನೆ, ಕೆಲಸ ಬಿಟ್ಟಿಲ್ಲ. ಮನೆಯಲ್ಲಿ ಹೆಂಡತಿಯ ಹಣೆಯ ಮೇಲೆ ಇಂಥ ಬರಹ ಮೂಡುವಂತಿದ್ದರೆ ಸಂಸಾರ ಸುಲಭವಾಗುತ್ತಿತ್ತೆಂದು ಗಂಡಸರು ಹೇಳಬಹುದು, ಹೆಂಗಸರು ಒಪ್ಪಲಾರರು. ಮುಖವನ್ನು ಓದುವ ಕಷ್ಟವೇ ಇಲ್ಲವಾದರೆ ಮುಖವನ್ನು ನೋಡುವವರಾರು?

ಬೆಂಗಳೂರಿನಲ್ಲಿ ಕುಳಿತು ಹೊರದೇಶದವರ ಆಟಗಳಿಗೆ ಗಿಡ ಬರೆಯುವ, ಗೋಡೆ ಬರೆಯುವ ನಮ್ಮ ಹುಡುಗ ಹುಡುಗಿಯರಿದ್ದಾರೆ. ಒಂದು ದಿನ ಅವರು ತಮ್ಮದೇ ಕತೆಯನ್ನು ಕೈಗೆತ್ತಿಕೊಂಡಾರು, ಕರ್ಣನನ್ನೇ ಎತ್ತಿಕೊಂಡಾರು. ಅವನ ನಿಷ್ಠೆಗೆ ಅಂಕ ಹಾಕಬೇಡಿರೆಂದು ಈಗಲೇ ಕೇಳಿಕೊಳ್ಳುತ್ತೇನೆ. ಅಷ್ಟು ದೊಡ್ಡ ಕತೆ ಬೇಡವೆನಿಸಿದರೆ ದೇವಬಾಗದ ದಂಡೆಯೇ ಸಾಕು. ಒಂದು ಬಲೆ, ಒಂದು ದೋಣಿ, ಹಗ್ಗ ಹಿಡಿಯಲು ನಲವತ್ತು ಜನ. ಮೀನು ಬಿದ್ದ ದಿನ ನಾಯಕನು ಎಳೆದವರಿಗೆ ಪಾಲು ಕೊಡದೆ ಬುಟ್ಟಿ ಹೊತ್ತು ಮನೆಗೆ ಹೋಗಬಹುದು. ಆಟ ಅವನನ್ನು ತಡೆಯಬಾರದು, ಯಾವ ಪಟ್ಟಿಯೂ ಇಳಿಯಬಾರದು. ಮರುದಿನ ನಸುಕಿನಲ್ಲಿ ಅವನು ಬಂದಾಗ ಬಲೆ ಇರಲಿ, ದೋಣಿ ಇರಲಿ, ಕಡಲಲ್ಲಿ ಮೀನೂ ಇರಲಿ. ದಂಡೆಯ ಮೇಲೆ ಒಬ್ಬರೂ ಇರಬಾರದು. ಏಕೆ ಇಲ್ಲವೆಂದು ತೆರೆಯ ಮೇಲೆ ಬರೆಯುವುದೂ ಬೇಡ.